ಅರವತ್ತೆರಡು ಲೀಟರ್

ನನ್ನ ಅಕ್ಕನ ದೇಹದಲ್ಲಿ ಇನ್ಸುಲಿನ್ ಇರಲಿಲ್ಲ. ಬೇರೆಯವರ ದೇಹ ಅದನ್ನು ತಾನಾಗಿ ಮಾಡಿಕೊಳ್ಳುತ್ತದೆ, ಅವಳದು ಹದಿಮೂರನೇ ವಯಸ್ಸಿಗೆ ಮಾಡುವುದನ್ನು ನಿಲ್ಲಿಸಿತು. ದಿನಕ್ಕೆರಡು ಸಲ ಸೂಜಿ ಚುಚ್ಚಿಕೊಂಡರೆ ಬದುಕು, ಇಲ್ಲದಿದ್ದರೆ ಒಂದು ವಾರದಲ್ಲಿ ಮುಗಿಯಿತು. ಆ ಬೇಸಿಗೆಯ ಆರಂಭಕ್ಕೆ ನಮ್ಮ ಮನೆಯಲ್ಲಿ ಮೂರು ಬಾಟಲಿ ಉಳಿದಿದ್ದವು. ಅಡುಗೆಮನೆಯ ಮೂಲೆಯಲ್ಲಿ ಹಸಿ ಮರಳು ತುಂಬಿದ ಗಡಿಗೆಯೊಳಗೆ ಅವನ್ನು ಹೂತಿಟ್ಟಿದ್ದೆವು. ಒಂದು ಬಾಟಲಿ ಹನ್ನೆರಡು ದಿನ ಬರುತ್ತಿತ್ತು.

ನಮ್ಮ ಊರಿಗೆ ರಸ್ತೆ ಒಂದೇ. ಅದು ಉದ್ದವಾಗುತ್ತದೆ. ನಾನು ಹುಟ್ಟಿದಾಗ ನಗರ ನಲವತ್ತು ಕಿಲೋಮೀಟರ್ ದೂರವಿತ್ತಂತೆ. ಜನ ಬೆಳಿಗ್ಗೆ ಹೋಗಿ ಸಿನಿಮಾ ನೋಡಿಕೊಂಡು ಊಟಕ್ಕೆ ವಾಪಸು ಬರುತ್ತಿದ್ದರಂತೆ. ನಾನು ಕಾಲೇಜು ಮುಗಿಸಿ ನಗರದ ಹಾಸ್ಟೆಲಿನಿಂದ ಬರುವಾಗ ಬಸ್ಸಿನಲ್ಲಿ ಎರಡು ಬುತ್ತಿ ಬೇಕಾಯಿತು. ರಸ್ತೆಯ ಪಕ್ಕದ ಟೆಲಿಫೋನ್ ತಂತಿಗಳು ಮೊದಲು ಬಿಗಿಯಾದವು, ಆಮೇಲೆ ಹರಿದವು. ಕರೆಂಟಿನ ತಂತಿಯದೂ ಅದೇ ಗತಿ. ಪೆಟ್ರೋಲ್ ಟ್ಯಾಂಕರ್ ಬರುವುದು ನಿಂತಿತು, ಡೀಸೆಲ್ ಮುಗಿದು ಬಸ್ಸೂ ನಿಂತಿತು. ಉಪ್ಪು, ಬೆಂಕಿಪೊಟ್ಟಣ, ಮಾತ್ರೆಗಳನ್ನು ಯಮನೂರಪ್ಪನ ಕತ್ತೆಗಳು ತರುತ್ತಿದ್ದವು. ಒಂದು ಕಡೆಗೆ ಇಪ್ಪತ್ತು ದಿನದ ನಡಿಗೆ. ದಾರಿಯಲ್ಲಿ ಅವನು ನೀರು ತುಂಬಿದ ಮಣ್ಣಿನ ಹರವಿಗಳನ್ನು ಹೂತಿಟ್ಟಿದ್ದ. ಎಲ್ಲೆಲ್ಲಿ ಅಂತ ಅವನಿಗೆ, ಅವನ ಕತ್ತೆಗಳಿಗೆ ಮಾತ್ರ ಗೊತ್ತು. ಇಪ್ಪತ್ತು ದಿನ ಬಿಸಿಲಲ್ಲಿ ಬಂದ ಇನ್ಸುಲಿನ್ ಬೆಲ್ಲದ ನೀರಿಗಿಂತ ಕಡೆ. ಹಿಂದಿನ ಸಲ ತಂದದ್ದನ್ನು ಚುಚ್ಚಿಕೊಂಡು ಅಕ್ಕ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ.

ಇದಕ್ಕೆಲ್ಲ ಜನ ಹೊಂದಿಕೊಂಡಿದ್ದರು. ಗಂಡು ಹೆಣ್ಣು ಊರೊಳಗೇ ನೋಡಿದರು. ನಗರದಲ್ಲಿರುವ ನೆಂಟರ ಸಾವಿಗೆ ತಿಂಗಳು ತಡವಾಗಿ ಅತ್ತರು. ಹೆದರಿಕೆ ಇರಲಿಲ್ಲ ಅಂತಲ್ಲ. ಪ್ರತಿ ಬೆಳಿಗ್ಗೆ ಹಳೇ ಬಸ್‌ಸ್ಟ್ಯಾಂಡಿನ ಬೋರ್ಡಿನ ಮುಂದೆ ಹಲ್ಲುಜ್ಜುತ್ತ ನಿಲ್ಲುತ್ತಿದ್ದರು. ನಗರ ಅಂದು ಎಷ್ಟು ದೂರ ಅನ್ನುವ ಸಂಖ್ಯೆ ಓದಿ, ಬಾಯಿ ಮುಕ್ಕಳಿಸಿ ಮನೆಗೆ ಹೋಗುತ್ತಿದ್ದರು.

ಆ ಸಂಖ್ಯೆ ಬರೆಯುವವಳು ನಾನು. ಮೂರು ವರ್ಷದ ಹಿಂದೆ ನನ್ನ ಅಪ್ಪ ಸಂಗನಬಸಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅವನ ಕೆಲಸ ನನಗೆ ಬಂತು. ಬೆಳೆಯುವುದು ಇಡೀ ರಸ್ತೆಯಲ್ಲ. ಊರಿನಿಂದ ಏಳನೇ ಕಲ್ಲಿನ ತನಕ ಅದು ಎಲ್ಲ ರಸ್ತೆಯ ಹಾಗೆಯೇ ಇದೆ. ಏಳನೇ ಕಲ್ಲಿನಿಂದ ಹಾಳು ಟೋಲ್‌ನಾಕಾದವರೆಗಿನ ಇಪ್ಪತ್ತು ಕಿಲೋಮೀಟರ್ ಮಾತ್ರ ಬೆಳೆಯುತ್ತದೆ. ನಾಕಾದ ಆಚೆ ಹದಿಮೂರು ಕಿಲೋಮೀಟರಿಗೆ ನಗರ. ಏಳನೇ ಕಲ್ಲಿನ ಪಕ್ಕದಲ್ಲೇ ಎರಡು ಕಬ್ಬಿಣದ ಗೂಟ ಹೊಡೆದಿದ್ದಾರೆ. ರಸ್ತೆ ನೆಟ್ಟಗಿದ್ದ ಕಾಲದಲ್ಲಿ ಅವುಗಳ ನಡುವೆ ಒಂದು ಸರಪಳಿ, ಅಂದರೆ ಇಪ್ಪತ್ತು ಮೀಟರ್ ಅಂತರ ಇತ್ತು. ಈಗ ಎಷ್ಟು ಸರಪಳಿ ಹಿಡಿಯುತ್ತದೋ ಅಷ್ಟು ಇಪ್ಪತ್ತು ಕಿಲೋಮೀಟರ್. ಲೆಕ್ಕ ಸುಲಭ. ಕಷ್ಟ ಅಂದರೆ ಅಲ್ಲಿ ನಿಲ್ಲುವುದು. ಏಳನೇ ಕಲ್ಲಿನ ಆಚೆ ನೆರಳು ಕೊಡುವ ವಸ್ತು ಒಂದೂ ಇಲ್ಲ. ಎರಡು ಬದಿಗೂ ಅದೇ ಒಣಮಣ್ಣು, ಅದೇ ಮೊಳಕಾಲೆತ್ತರದ ಮುಳ್ಳುಕಂಟಿ, ಮತ್ತೆ ಅದೇ. ಕಾಗೆಯೂ ಹಾರುವುದಿಲ್ಲ. ನಾನು ಗೂಟಕ್ಕೆ ಸರಪಳಿ ಸಿಕ್ಕಿಸಿ ಎಳೆಯುವಾಗ ಒಂದು ದಿನವೂ ತಲೆಯೆತ್ತಿ ನಾಕಾದ ದಿಕ್ಕು ನೋಡಿದವಳಲ್ಲ. ಸರಪಳಿಯ ಕೊಂಡಿಗಳ ನಡುವೆ ಗುರುತಿಗೆ ಸಿಕ್ಕಿಸಿದ ಹಿತ್ತಾಳೆ ಬಿಲ್ಲೆಗಳನ್ನು ನೋಡುತ್ತ, ಎಣಿಸುತ್ತ ಹೋಗಿ, ಎಣಿಸುತ್ತ ವಾಪಸು ಬರುತ್ತಿದ್ದೆ.

ಕೆಲಸ ಒಪ್ಪಿಸುವಾಗ ಅಪ್ಪ ಒಂದು ಗುಟ್ಟು ಹೇಳಿದ್ದ. ಬೋರ್ಡಿನಲ್ಲಿ ಮೊದಲ ಸಲ ನೂರು ಬರೆದ ದಿನ ಹದಿನೇಳು ಜನ ಗಾಬರಿಬಿದ್ದು ಗಂಟುಮೂಟೆ ಹೊತ್ತು ನಡೆದೇ ಹೊರಟರು. ಅವರು ನಗರಕ್ಕೂ ಮುಟ್ಟಲಿಲ್ಲ, ಊರಿಗೂ ಬರಲಿಲ್ಲ. ಅಂದಿನಿಂದ ಅಪ್ಪ ಹತ್ತರಲ್ಲಿ ಒಂದು ಪಾಲು ಕಳೆದು ಬರೆಯುತ್ತಿದ್ದ. "ಪೂರಾ ಸಂಖ್ಯೆ ನೀ ಒಬ್ಬಾಕಿ ಹೊತ್ಕೊ. ಊರ ಮ್ಯಾಲೆ ಹೇರಬ್ಯಾಡ," ಅಂದಿದ್ದ. ನಾನೂ ಹಾಗೇ ಮಾಡುತ್ತಿದ್ದೆ. ನಾನು ಸೇರಿದ ವರ್ಷ ರಸ್ತೆ ಹೆಚ್ಚು ಬೆಳೆಯಲಿಲ್ಲ. ಜನ ನನ್ನ ಕಾಲ್ಗುಣ ಅಂದರು. ಯಾರೋ ಮನೆಗೆ ಕರದಂಟು ಕಳಿಸಿದರು.

ಊರಿನಲ್ಲಿ ಪೆಟ್ರೋಲ್ ಕಾರು ಅಂತ ಉಳಿದಿದ್ದದ್ದು ಒಂದೇ. ಸಕ್ಕರೆ ಕಾರ್ಖಾನೆ ಮಾಲೀಕನ ಮಗ ರೇಸಿಗೆಂದು ತರಿಸಿದ್ದ ಎರಡು ಬಾಗಿಲಿನ ಕೆಂಪು ಟರ್ಬೊ ಕಾರು. ಅವನು ಉಳಿದ ಪೆಟ್ರೋಲನ್ನೆಲ್ಲ ಬೈಕಿಗೆ ಹಾಕಿಕೊಂಡು ನಗರ ಸೇರಿ ವರ್ಷವಾಗಿತ್ತು. ಕಾರು ಗೋದಾಮಿನಲ್ಲಿ ಚೀಲಗಳ ನಡುವೆ ಧೂಳು ತಿನ್ನುತ್ತಿತ್ತು. ಆದರೆ ಕಾರ್ಖಾನೆಯ ಹಿಂದಿನ ಸ್ಪಿರಿಟ್ ಘಟಕ ಸತ್ತಿರಲಿಲ್ಲ. ಕಬ್ಬು ಇತ್ತು, ಕಾಕಂಬಿ ಇತ್ತು, ಅದರಿಂದ ಇಳಿಸಿದ ಸ್ಪಿರಿಟ್ ಡ್ರಮ್ಮುಗಟ್ಟಲೆ ಇತ್ತು. ಅದನ್ನು ಒಯ್ಯುವವರು ಇರಲಿಲ್ಲ, ಅಷ್ಟೇ.

ಕಾರಿನ ವಿಚಾರ ಎತ್ತಿದವನು ದಸ್ತಗೀರ್ ಮೇಸ್ತ್ರಿ. ಬಸ್‌ಸ್ಟ್ಯಾಂಡ್ ಹಿಂದೆ ಗ್ಯಾರೇಜ್ ಇಟ್ಟುಕೊಂಡು ಈಗ ಗಾಣ, ರಾಟೆ ರಿಪೇರಿ ಮಾಡುತ್ತಿದ್ದ ಐವತ್ತರ ಆಳು. ಅವನ ಹೆಂಡತಿಯ ಬ್ಲೌಸುಗಳನ್ನು ಅಕ್ಕನೇ ಹೊಲಿಯುತ್ತಿದ್ದಳು. ಒಂದು ದಿನ ಬಟ್ಟೆ ಕೊಡಲು ಬಂದವನು ಮರಳಿನ ಗಡಿಗೆ ನೋಡಿದ, ಬಾಟಲಿ ಎಷ್ಟಿವೆ ಅಂತ ಕೇಳಿದ.

"ಶಿವಗಂಗವ್ವಾ, ಆ ಕೆಂಪು ಗಾಡಿ ಸ್ಪಿರಿಟ್ ಮ್ಯಾಲೆ ಓಡಸಬಹುದು. ನಿನ್ನ ನಗರಕ್ಕ ಒಗದು ಬರ್ತೀನಿ. ಅಲ್ಲೇ ಇದ್ದುಬಿಡು," ಅಂದ.

"ಒಗದು ಬರಾಕ ನಾ ಏನು ಕಸದ ಬುಟ್ಟಿ ಏನು ಕಾಕಾ?" ಅಂದಳು ಅಕ್ಕ. ಆದರೆ ಹೊಲಿಗೆ ಮಿಷಿನ್ನಿನ ಮೇಲಿದ್ದ ಅವಳ ಕಾಲು ನಿಂತಿತ್ತು.

ಕೆಲಸ ಹಿಡಿದ ಮೇಲೆ ಗೊತ್ತಾಯಿತು, ಪೆಟ್ರೋಲ್ ಗಾಡಿಗೆ ಸ್ಪಿರಿಟ್ ಸುರಿದರೆ ಆಗುವುದಿಲ್ಲ. ಸ್ಪಿರಿಟ್ ರಬ್ಬರ್ ತಿನ್ನುತ್ತದೆ. ದಸ್ತಗೀರ್ ಹಳೇ ಪೈಪುಗಳನ್ನೆಲ್ಲ ಕಿತ್ತು ಸ್ಪಿರಿಟ್ ಘಟಕದ ಪೈಪುಗಳನ್ನೇ ಕತ್ತರಿಸಿ ಹಾಕಿದ. ಒಂದೇ ದಿನದಲ್ಲಿ ಆ ಸ್ಪಿರಿಟ್, ಟ್ಯಾಂಕಿನ ಒಳಗೋಡೆಯ ಹಳೇ ಕೊಳೆಯನ್ನೆಲ್ಲ ತೊಳೆದು ಎಂಜಿನ್ನಿಗೆ ಕಳಿಸಿತು. ಫಿಲ್ಟರ್ ಕಟ್ಟಿಕೊಂಡು ಗಾಡಿ ಕೆಮ್ಮಿ ನಿಂತಿತು. ಬಿಚ್ಚಿ ತೊಳೆದ, ಮರುದಿನ ಮತ್ತೆ ತೊಳೆದ. ತಂಪು ಹೊತ್ತಿನಲ್ಲಿ ಸ್ಪಿರಿಟ್ ಹೊತ್ತಿಕೊಳ್ಳುವುದಿಲ್ಲ. ಊರಿನ ಸತ್ತ ಜನರೇಟರುಗಳ ತಳದಿಂದ ಪೆಟ್ರೋಲ್ ಬಸಿದು ಒಂದು ಸಲೈನ್ ಬಾಟಲಿಯಲ್ಲಿ ತುಂಬಿ, ಸ್ಟಾರ್ಟ್ ಮಾಡುವಾಗ ಹನಿ ಹನಿ ಇಳಿಯುವ ಹಾಗೆ ಬಾನೆಟ್ಟಿನ ಒಳಗೆ ಕಟ್ಟಿದ. ಎಂಜಿನ್ನಿಗೆ ಎಷ್ಟು ಇಂಧನ ಬಿಡಬೇಕು ಅನ್ನುವುದು ಒಂದು ಚಿಕ್ಕ ಕಂಪ್ಯೂಟರ್ ಪೆಟ್ಟಿಗೆಯ ಕೈಯಲ್ಲಿತ್ತು. ಮಾಲೀಕನ ಮಗ ಬಿಟ್ಟುಹೋದ ಲ್ಯಾಪ್‌ಟಾಪನ್ನು, ಸ್ಪಿರಿಟ್ ಘಟಕ ಓಡುವಾಗಷ್ಟೇ ಕಾರ್ಖಾನೆಯಲ್ಲಿ ಹುಟ್ಟುವ ಕರೆಂಟಿಗೆ ಹಚ್ಚಿ, ಆ ಪೆಟ್ಟಿಗೆಯ ಕೋಷ್ಟಕ ತೆಗೆದು, ಒಂದೊಂದು ಸಂಖ್ಯೆಯನ್ನೂ ಮೂರನೇ ಒಂದು ಪಾಲು ಹೆಚ್ಚಿಸಿದವಳು ನಾನು. ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ್ದು ಕೆಲಸಕ್ಕೆ ಬಂತು ಅಂತ ಒಳಗೊಳಗೇ ಉಬ್ಬಿದೆ. ಆ ಎಂಜಿನ್ನಿಗೆ ಸ್ಪಿರಿಟ್ ಒಗ್ಗಿತು. ಪೆಟ್ರೋಲಿನಲ್ಲಿ ತಡೆಯಲಾರದ ಒತ್ತಡವನ್ನು ಸ್ಪಿರಿಟಿನಲ್ಲಿ ತಡೆಯುತ್ತಿತ್ತು. "ಹುಲಿ ಐತಿ ಇದು. ಇಂಥಾದ್ದನ್ನ ಎಪ್ಪತ್ತರಾಗ ಓಡಸಬೇಕಲ್ಲ, ಪಾಪ," ಅನ್ನುತ್ತಿದ್ದ ದಸ್ತಗೀರ್. ಜೋರಾಗಿ ಹೋದರೆ ಇಂಧನ ಜಾಸ್ತಿ ಕುಡಿಯುತ್ತಿತ್ತು.

ಒಂದು ಮಧ್ಯಾಹ್ನ ಗ್ಯಾರೇಜಿನ ಅಂಗಳದಲ್ಲಿ ಎಂಜಿನ್ ಓಡುತ್ತಿದ್ದಾಗ ದಸ್ತಗೀರ್ ಬಾನೆಟ್ಟಿನೊಳಗೆ ಬಾಗಿದ್ದ. ಬೆಂಕಿ ಕಾಣಲಿಲ್ಲ, ಹೊಗೆ ಇರಲಿಲ್ಲ. ಅವನ ಅಂಗಿಯ ತೋಳು ಒಮ್ಮೆಲೇ ಸುರುಟಿ ಕಪ್ಪಾಗುವುದನ್ನು ಮಾತ್ರ ಕಂಡೆ, ಕೂದಲು ಸುಟ್ಟ ವಾಸನೆ ಬಂತು. ಪೈಪಿನ ಸಂದಿನಿಂದ ಸ್ಪಿರಿಟ್ ಸೋರಿ ಹೊತ್ತಿಕೊಂಡಿತ್ತು. ಬಿಸಿಲಿನಲ್ಲಿ ಅದರ ಜ್ವಾಲೆ ಕಾಣುವುದಿಲ್ಲ. ಹಸಿ ಗೋಣಿಚೀಲ ಎಸೆದು ಆರಿಸಿದೆವು. ಆರಿತೋ ಇಲ್ಲವೋ ಅಂತ ತಿಳಿಯಲು ಅವನು ಕೈ ಚಾಚಿ ಗಾಳಿಯನ್ನು ಮುಟ್ಟಿ ನೋಡಬೇಕಾಯಿತು.

"ಕಾಣೂ ಬೆಂಕಿಗೆ ನಾ ಅಂಜಿದಾಂವ ಅಲ್ಲ," ಅಂದ. "ಕೇಳು ನಂದಾ, ಎಷ್ಟ ಬೇಕೋ ಅಷ್ಟ ಸ್ಪಿರಿಟ್ ಒಯ್ಯೂದು. ಒಂದು ಹನಿ ಹೆಚ್ಚಿಗಿ ಬ್ಯಾಡ. ದಾರಿ ಎಷ್ಟು ಐತಿ, ಖರೇ ಹೇಳು."

ಆ ಸಂಜೆ ನಮ್ಮ ಮನೆಯಲ್ಲಿ ಕೂತು ಬೋರ್ಡಿನ ಗುಟ್ಟನ್ನು ಅವನಿಗೂ ಅಕ್ಕನಿಗೂ ಬಿಚ್ಚಿಟ್ಟೆ. ಅಕ್ಕ ನಕ್ಕಳು. "ಹಂಗಾರ ಮೂರು ವರ್ಷದಿಂದ ನೀ ಊರಿಗೆಲ್ಲಾ ಸುಳ್ಳು ಬರ್ಕೋತ ಬಂದೀದಿ!"

"ಬೋರ್ಡ್ ಸುಳ್ಳು. ಸರಪಳಿ ಸುಳ್ಳಲ್ಲ," ಅಂದೆ.

"ಹೌದೇನ? ತಾ ಇಲ್ಲಿ ನಿನ್ನ ಸರಪಳಿ, ನನ್ನ ಟೇಪಿಗೆ ಹಚ್ಚಿ ನೋಡೂಣು. ಬ್ಲೌಸಿನ ಅಳತಿ ತಪ್ಪಿದ್ರ ಹೆಂಗಸರು ಬಾಗಲಿಗೆ ಬಂದು ಬೈತಾರ. ನಿನ್ನ ಅಳತಿ ತಪ್ಪಿದ್ರ ಯಾರು ಕೇಳ್ತಾರ?"

ತಮಾಷೆಗೆ ಹೇಳಿದ್ದಳು. ಆದರೆ ನನಗೆ ಸಿಟ್ಟು ಬಂತು. ಹೊಲಿಗೆಯ ಟೇಪಿನಿಂದ ಸರಪಳಿ ಅಳೆಯಲು ಇದೇನು ಲಂಗವೇ ಅಂದೆ. ಬಾಗಿಲ ಬಳಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಪ್ಪನ ಕೈ ನಿಂತದ್ದು ಈಗ ನೆನಪಾಗುತ್ತದೆ. ಆಗ ಅದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಏಳನೇ ಕಲ್ಲಿನವರೆಗೆ ಹೋಗಿ ಬಂದು, ಹೋಗಿ ಬಂದು, ಐದು ಸುತ್ತು ಹೊಡೆದು ನೋಡಿದೆವು. ಎಪ್ಪತ್ತು ಕಿಲೋಮೀಟರಿಗೆ ಹತ್ತು ಲೀಟರ್ ಹೋಯಿತು. ಲೀಟರಿಗೆ ಏಳು. ಹೊರಡುವ ದಿನಕ್ಕೆ ಗೂಟಗಳ ನಡುವೆ ಇಪ್ಪತ್ತು ಸರಪಳಿ ಆಗುತ್ತದೆ ಅಂತ ಲೆಕ್ಕ ಹಾಕಿದೆ. ಅಂದರೆ ನಾನೂರು ಕಿಲೋಮೀಟರ್. ಈ ಕಡೆಯ ಏಳು, ಆ ಕಡೆಯ ಹದಿಮೂರು ಸೇರಿ ನಾನೂರ ಇಪ್ಪತ್ತು. ಅರವತ್ತು ಲೀಟರ್ ಸಾಕು, ವಾಪಸು ಬರುವಷ್ಟನ್ನು ನಗರದಲ್ಲೇ ತುಂಬಿಸಿಕೊಳ್ಳುವುದು. ಟ್ಯಾಂಕಿನಲ್ಲಿ ನಲವತ್ತೈದು ಹಿಡಿಯುತ್ತಿತ್ತು. ಹಿಂದಿನ ಸೀಟು ತೆಗೆದು ಅಲ್ಲಿ ಹದಿನೇಳು ಲೀಟರಿನ ತಗಡಿನ ಟ್ಯಾಂಕ್ ಬೆಸುಗೆ ಹಾಕಿ ಕೂರಿಸಿದ. ಒಟ್ಟು ಅರವತ್ತೆರಡು. ಎರಡು ಲೀಟರ್ ಹೆಚ್ಚಿಗೆ ಇಟ್ಟಿದ್ದಕ್ಕೇ ಅವನಿಗೆ ಮನಸ್ಸಿರಲಿಲ್ಲ.

ಹೊರಡುವ ದಿನ ಬೆಳಗಿನ ಜಾವವೇ ನಾನು ಹೋಗಿ ಅಳೆದೆ. ಸರಿಯಾಗಿ ಇಪ್ಪತ್ತು ಸರಪಳಿ. ಬಂದು ಬೋರ್ಡಿನಲ್ಲಿ ಮುನ್ನೂರ ಎಪ್ಪತ್ತೆಂಟು ಬರೆದೆ. ಅರ್ಧ ಊರು ಬಸ್‌ಸ್ಟ್ಯಾಂಡಿನಲ್ಲಿತ್ತು. ಯಾರೂ ಗದ್ದಲ ಮಾಡಲಿಲ್ಲ. ಅಕ್ಕನ ಮಡಿಲಿಗೆ ಚೀಟಿಗಳನ್ನು ಹಾಕುತ್ತಿದ್ದರು, ನಗರದ ನೆಂಟರಿಗೆ ಕೊಡಲೆಂದು. ಕೊನೆಯ ಇನ್ಸುಲಿನ್ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೂಜಿಯೊಳಗೆ ಇಟ್ಟುಕೊಂಡಿದ್ದಳು. ಐದು ಲೀಟರ್ ಕುಡಿಯುವ ನೀರು, ಹತ್ತು ರೊಟ್ಟಿ, ಶೇಂಗಾ ಚಟ್ನಿ. ಬೆಲ್ಲದ ತುಂಡು ಬೇರೆ, ಸಕ್ಕರೆ ಇಳಿದರೆ ಅಂತ.

ಆಗ ಅಪ್ಪ ಜನರನ್ನು ಸರಿಸುತ್ತ ಕುಂಟಿಕೊಂಡು ಬಂದ. ಕೈಯಲ್ಲಿ ಹತ್ತು ಲೀಟರಿನ ಸ್ಪಿರಿಟ್ ಕ್ಯಾನ್.

"ಮೇಸ್ತ್ರಿ, ಇದೊಂದು ಇಟ್ಕೊ."

"ಎಲ್ಲಿ ಇಡ್ಲಿ ಸಂಗಣ್ಣ? ಆಕಿ ಕಾಲಾಗ? ಬಿಸಲಿಗೆ ಕ್ಯಾನ್ ಉಬ್ಬಿ ಮುಚ್ಚಳ ಹಾರಿದ್ರ ಇಬ್ರೂ ಒಳಗ ಹುರದು ಹೋಗ್ತೀವಿ. ಉರಿಯೂದು ಸೈತ ಕಾಣಂಗಿಲ್ಲ."

"ಇರಲಿ ಇಟ್ಕೊ. ನನ್ನ ಮಾತು ಕೇಳು. ಇಟ್ಕೋ ಅಂದ್ರ ಇಟ್ಕೊ."

"ಯಾಕ? ಕಾರಣ ಹೇಳು."

ಅಪ್ಪ ಜನರನ್ನು ನೋಡಿದ. ಬೋರ್ಡನ್ನು ನೋಡಿದ. ಅವನ ತುಟಿ ಅಲ್ಲಾಡಿತು.

ನನಗೆ ನಾಚಿಕೆಯಾಯಿತು. ಮುದುಕ ಎಲ್ಲರೆದುರು ನನ್ನ ಲೆಕ್ಕದ ಮೇಲೆ ಅನುಮಾನಪಡುತ್ತಿದ್ದಾನೆ ಅನ್ನಿಸಿತು. "ಅಪ್ಪಾ, ಸಾಕು ಬಿಡು. ಎರಡು ಲೀಟರ್ ಹೆಚ್ಚಿಗಿನ ಐತಿ. ಸರಪಳಿ ಸುಳ್ಳು ಹೇಳೂದಿಲ್ಲ," ಅಂದೆ.

ಅಕ್ಕ ಕಿಟಕಿಯಿಂದ ಕೈ ಹಾಕಿ ಅವನ ಮೊಣಕೈ ತಟ್ಟಿದಳು. "ಎಪ್ಪಾ, ಆ ವಾಸನಿಗೆ ನನಗ ವಾಂತಿ ಬರ್ತೈತಿ. ಬ್ಯಾಡ. ನೀ ಎಣ್ಣಿ ತಿಕ್ಕೋದು ಬಿಡಬ್ಯಾಡ."

ಅವನು ಕ್ಯಾನ್ ಕೆಳಗಿಟ್ಟ. ದಸ್ತಗೀರ್ ಸಲೈನ್ ಬಾಟಲಿಯ ಗಾಲಿ ತಿರುವಿದ, ಎರಡನೇ ಸಲಕ್ಕೆ ಎಂಜಿನ್ ಹಿಡಿಯಿತು. ಸೂರ್ಯ ಹುಟ್ಟಿ ಅರ್ಧ ತಾಸಾಗಿತ್ತು. ಕೆಂಪು ಕಾರು ಎಪ್ಪತ್ತರಲ್ಲಿ, ಒಂದು ಎತ್ತಿನಗಾಡಿಯ ಮರ್ಯಾದೆಯಲ್ಲಿ ಊರು ದಾಟಿತು. ಕೆಲವರು ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅಂಗಳದಲ್ಲಿ ಸರಪಳಿ ಬಿಸಾಕಿ ಕೈಕಾಲು ತೊಳೆಯುತ್ತಿದ್ದೆ. ಅಪ್ಪ ಅದರ ಪಕ್ಕದಲ್ಲಿ ಕೂತ. ಮೊದಲ ಬಿಲ್ಲೆಯಿಂದ ಎರಡನೇ ಬಿಲ್ಲೆಯವರೆಗೆ ಕೊಂಡಿಗಳನ್ನು ಬೆರಳಿಂದ ಸರಿಸುತ್ತ ಜೋರಾಗಿ ಎಣಿಸಿದ. ಹತ್ತು ಇರಬೇಕು. ಹನ್ನೆರಡು ಇದ್ದವು. ಮುಂದಿನ ಬಿಲ್ಲೆಗೂ ಹನ್ನೆರಡು. ಅದರ ಮುಂದಿನದಕ್ಕೂ. ಮೂರು ವರ್ಷ ನಾನು ಬಿಲ್ಲೆ ಎಣಿಸಿದ್ದೆ, ಕೊಂಡಿ ಎಣಿಸಿರಲಿಲ್ಲ.

"ಕೆಲಸ ನಿನಗ ಬಂತಲ್ಲ," ಅಂದ. ನನ್ನ ಮುಖ ನೋಡಲಿಲ್ಲ. "ನೀ ಇಪ್ಪತ್ತೊಂದು ವರ್ಷದಾಕಿ. ದಿನಾ ಒಬ್ಬಾಕೀನ ಅಲ್ಲಿ ನಿಂದ್ರತಿದ್ದಿ. ಪೂರಾ ಸಂಖ್ಯೆ ಹೊತ್ತಾಂವ ನಾ, ಅದರ ಭಾರ ನನಗ ಗೊತ್ತು. ತಿಂಗಳಿಗೊಮ್ಮೆ ಎರಡೆರಡು ಕೊಂಡಿ ಹಾಕಿದೆ. ನಿನಗೂ ಅಷ್ಟು ಹೆದರಿಕಿ ಆಗಬಾರದು ಅಂತ."

ನನ್ನ ಕಾಲ್ಗುಣ ಅಂದರೆ ಅದು. ಆ ಕರದಂಟು ಅದಕ್ಕೆ ಬಂದದ್ದು.

ಅಕ್ಕನ ಟೇಪ್ ಮಿಷಿನ್ನಿನ ಮೇಲೆ ಜೋತುಬಿದ್ದಿತ್ತು. ತಂದು ಸರಪಳಿಗೆ ಹಚ್ಚಿದೆ. ಒಂದೂವರೆ ಮೀಟರಿನ ಟೇಪು ಸರಿಯಾಗಿ ಹದಿನಾರು ಸಲ ಹಿಡಿಯಿತು. ಇಪ್ಪತ್ನಾಲ್ಕು ಮೀಟರ್. ಗೂಟಗಳ ನಡುವೆ ಇಪ್ಪತ್ತಲ್ಲ, ಇಪ್ಪತ್ನಾಲ್ಕು ಸರಪಳಿ ಇತ್ತು. ನಗರ ಐನೂರು ಕಿಲೋಮೀಟರ್ ದೂರವಿತ್ತು. ಕಾರು ನಾನೂರ ಮೂವತ್ತನಾಲ್ಕಕ್ಕೆ ನಿಲ್ಲುತ್ತದೆ. ನಾಕಾಕ್ಕೆ ಐವತ್ತಮೂರು ಕಿಲೋಮೀಟರ್ ಈಚೆ. ಆ ಹತ್ತು ಲೀಟರಿನ ಕ್ಯಾನ್ ಎಪ್ಪತ್ತು ಕಿಲೋಮೀಟರ್ ಓಡಿಸುತ್ತಿತ್ತು.

"ಅಲ್ಲೇ ಯಾಕ ಹೇಳಲಿಲ್ಲ?" ಅಂದೆ.

"ಜನ ಇದ್ರು," ಅಂದ.

ನಾನೂ ಆ ಜನರ ಮುಂದೆಯೇ ಅವನ ಬಾಯಿ ಮುಚ್ಚಿಸಿದ್ದೆ. ಹೊತ್ತು ಏರುತ್ತಿತ್ತು. ಕಾರು ಆಗಲೇ ನೂರು ಕಿಲೋಮೀಟರ್ ದಾಟಿರುತ್ತದೆ. ಅದರ ಹಿಂದೆ ಓಡಲು ಊರಿನಲ್ಲಿ ಎಂಜಿನ್ ಇರಲಿಲ್ಲ.

ಅಪ್ಪ ಎದ್ದು ಹಿತ್ತಲಿಂದ ಸೈಕಲ್ ತಂದ. ಎರಡು ಸ್ಪಿರಿಟ್ ಕ್ಯಾನುಗಳನ್ನು ಕ್ಯಾರಿಯರಿನ ಎರಡು ಬದಿಗೆ ನೇತುಹಾಕಿ ಹಗ್ಗ ಬಿಗಿದ. ನೀರಿನ ಬಾಟಲಿಗಳನ್ನು ಹ್ಯಾಂಡಲಿಗೆ ಕಟ್ಟಿದ. "ನಾಕು ದಿನಕ್ಕ ಮುಟ್ಟತೀನಿ. ನೀರು ಐತಿ ಅವರ ಹತ್ರ. ಗಾಡಿ ನೆರಳಾಗ ಕುಂತಿರ್ತಾರ," ಅಂದ. ಅರವತ್ತಮೂರು ವರ್ಷದವನು, ಎರಡು ಮೊಣಕಾಲೂ ಹೋದವನು. ನಾನು ಕ್ಯಾನಿನ ಮುಚ್ಚಳ ಬಿಗಿ ಮಾಡಿಕೊಟ್ಟೆ. ಹೋಗಬೇಡ ಅನ್ನಲಿಲ್ಲ. ನಾನು ಹೋಗುತ್ತೇನೆ ಅಂತಲೂ ಅನ್ನಲಿಲ್ಲ. ಓಣಿಯಲ್ಲಿ ಇನ್ನೂ ನಾಲ್ಕು ಸೈಕಲ್ ಇದ್ದವು, ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. ಹೆದರಿದ್ದೆ. ಅವನ ಸಂಗಡ ಏಳನೇ ಕಲ್ಲಿನವರೆಗೆ ನಡೆದು ಅಲ್ಲಿ ನಿಂತೆ. ಅವನು ಎರಡನೇ ಗೂಟ ದಾಟಿದ. ಮೂರು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಆ ದಿಕ್ಕು ನೋಡಿದೆ. ಸೈಕಲ್ ಸಣ್ಣದಾಗುತ್ತ ಹೋಯಿತು. ಬಹಳ ಹೊತ್ತು ಹೋಯಿತು, ಆದರೂ ಕಾಣುತ್ತಲೇ ಇತ್ತು. ಮರೆಯಾಗಲು ಅಲ್ಲಿ ಏನೂ ಇರಲಿಲ್ಲ.

ಮರುದಿನ ಹೆಚ್ಚಿನ ಕೊಂಡಿಗಳನ್ನು ಇಕ್ಕಳದಿಂದ ಬಿಡಿಸಿ ತೆಗೆದೆ. ಅಳೆದೆ. ಬೋರ್ಡಿನಲ್ಲಿ ಐನೂರ ಮೂರು ಅಂತ ಬರೆದೆ, ಏನೂ ಕಳೆಯದೆ. ಜನ ಬಂದು ನೋಡಿದರು. ನಾನು ಚಹಾ ಕುಡಿದು ವಾಪಸು ಬರುವಷ್ಟರಲ್ಲಿ ಯಾರೋ ಅದನ್ನು ಒರೆಸಿ, ಅದೇ ಸುಣ್ಣದಲ್ಲಿ ಮುನ್ನೂರ ಎಂಬತ್ತು ಅಂತ ತಿದ್ದಿದ್ದರು. ಯಾರು ಅಂತ ಯಾರೂ ಹೇಳಲಿಲ್ಲ. ಅದರ ಮರುದಿನವೂ ಹಾಗೇ ಆಯಿತು.

ಇಪ್ಪತ್ತಾರು ದಿನದ ಮೇಲೆ ಯಮನೂರಪ್ಪನ ಕತ್ತೆಗಳು ಬಂದವು. ಅವನು ಉಪ್ಪಿನ ಚೀಲ ಇಳಿಸದೆ ನೇರವಾಗಿ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದ.

"ಕೆಂಪು ಗಾಡಿ ನಾಕಾದಿಂದ ಎರಡು ದಿನದ ದಾರಿ ಈಚೆ ನಿಂತೈತವಾ," ಅಂದ. "ನಿಮ್ಮಕ್ಕ ಒಳಗಿದ್ಲು. ಸೆರಗು ಮುಖದ ಮ್ಯಾಲೆ ಎಳಕೊಂಡು ಮಲಗಿದಂಗ ಇದ್ಲು. ಮೇಸ್ತ್ರಿ ಮುಂದ ನಡದಿದ್ದ. ನಾಕಾ ಕಣ್ಣಿಗೆ ಬೀಳೂವಷ್ಟು ಹತ್ರ ಹೋಗಿ ಬಿದ್ದಾನ."

"ಅಪ್ಪ?"

"ಅಂವ ಗಾಡಿಗಿಂತ ನಾಕು ದಿನದ ನಡಿಗಿ ಹಿಂದ. ಸೈಕಲ್ ಪಂಚರ್ ಆಗಿತ್ತು, ತಳ್ಳಿಕೋತ ಹೋಗ್ಯಾನ. ಕ್ಯಾನ್ ಎರಡೂ ತುಂಬಿದ್ದವು, ಒಂದು ಹನಿ ಚೆಲ್ಲಿಲ್ಲ." ನೀರಿನ ಚೊಂಬು ಕೆಳಗಿಟ್ಟು ಅಂದ, "ಅಂವ ಬಿದ್ದಲ್ಲಿಂದ ಹತ್ತು ಮಾರಿಗೆ ನನ್ನ ನೀರಿನ ಹರವಿ ಇತ್ತವಾ. ಗೊತ್ತಾಗಿಲ್ಲ ಅವಂಗ. ಮೂರೂ ಮಂದೀನ ಅಲ್ಲಲ್ಲೇ ಮಣ್ಣು ಮಾಡಿ ಬಂದೆ. ತಪ್ಪು ತಿಳಿಬ್ಯಾಡ."

ಅವನು ಎದ್ದು ಹೋದ. ನಾನು ಮರಳಿನ ಗಡಿಗೆ ಹೊರಗೆ ತಂದು ಅಂಗಳದಲ್ಲಿ ಬೋರಲು ಹಾಕಿದೆ. ಆಮೇಲೆ ಅಳತೆಯ ದಿನಚರಿ ಪುಸ್ತಕದಲ್ಲಿ ಆ ದಿನದ ಹಾಳೆ ತೆಗೆದು, ದೂರ ಬರೆಯುವ ಕಡೆ ಪೂರ್ತಿ ಸಂಖ್ಯೆ ಬರೆದು, ಕೆಳಗಿನ ಖಾಲಿ ಜಾಗದಲ್ಲಿ ಉಳಿದದ್ದನ್ನು ಬರೆದೆ. ಅಕ್ಕ ಒಬ್ಬಳು. ಅಪ್ಪ ಒಬ್ಬ. ಮೇಸ್ತ್ರಿ ಒಬ್ಬ. ಕಾರು ಒಂದು. ಸೈಕಲ್ ಒಂದು. ಇನ್ಸುಲಿನ್ ಬಾಟಲಿ ಒಂದು. ಊರಿನವರ ಚೀಟಿ ನಲವತ್ತೊಂದು. ಸ್ಪಿರಿಟ್, ಉರಿದದ್ದು ಅರವತ್ತೆರಡು ಲೀಟರ್, ಉರಿಯದೆ ಉಳಿದದ್ದು ಇಪ್ಪತ್ತು.